ಅಫ್ಘಾನ್ ಗೆಳೆಯನ ವೀಸಾ ಮುಗಿಯುತ್ತಿದೆ, ಕಚೇರಿಯಲ್ಲಿ ಕೂರಲೂ ಜಾಗವಿಲ್ಲ. ಏನು ಮಾಡೋದು?

ಕೆಲಗೇರಿ ಹುಡುಗ
ನನ್ನ ರೂಮ್‌ಮೇಟ್ ಕಾಬೂಲಿನವನು. ಧಾರವಾಡದಲ್ಲೇ ಎಂಎಸ್ಸಿ ಮುಗಿಸಿದ. ವೀಸಾ ಇನ್ನೇನು ಮುಗಿಯುತ್ತೆ. ಅವನ ಅಣ್ಣ ಹಳೇ ಸರ್ಕಾರದಲ್ಲಿ ಪೊಲೀಸ್ ಆಗಿದ್ದರು, ಹಾಗಾಗಿ 2021ರಲ್ಲಿ ತಾಲಿಬಾನ್ ಬಂದ ನಂತರ ಊರಿಗೆ ಹೋಗೋ ಮಾತೇ ಇಲ್ಲ. ವಿದೇಶಿಯರ ವಿಭಾಗದಿಂದ ಕರೆ ಬಂತು ಅಂತ ಜೊತೆಗೆ ನಾನೂ ಹೋದೆ (ಯಾವ ಊರಿನ ಕಚೇರಿ ಅಂತ ಬರೆಯಲ್ಲ). ಬೆಳಗ್ಗೆಯಿಂದ ವರಾಂಡದಲ್ಲಿ ನಿಂತೇ ಇದ್ದೆವು. ಒಂದು ಬೆಂಚಿಲ್ಲ, ಕುಡಿಯೋಕೆ ನೀರಿಲ್ಲ, ಶೌಚಾಲಯಕ್ಕೆ ಬೀಗ. ಪಕ್ಕದಲ್ಲಿ ಒಬ್ಬ ಹೆಣ್ಣುಮಗಳು ಕೂಸು ಎತ್ತಿಕೊಂಡು ನಿಂತಿದ್ದಳು, ಅವಳ ಮಾತು ಅಲ್ಲಿ ಯಾರಿಗೂ ತಿಳಿಯಲಿಲ್ಲ. ಸಂಜೆ 'ಎಲ್ಲಾ ಆನ್‌ಲೈನ್ ಆಗಿದೆ, ಇಲ್ಲಿಗ್ಯಾಕೆ ಬಂದೆ' ಅಂತ ಗದರಿಸಿ ಕಳಿಸಿದರು. ಅಲ್ರೀ, ಕರೆದವರೇ ಅವರು!
ಆಶ್ರಯ ಕೇಳೋಕೆ ಎಲ್ಲಿ ಅರ್ಜಿ ಹಾಕಬೇಕು? ದೂರು ಕೊಟ್ಟರೆ ಅವನ ಫೈಲಿಗೇ ಕಲ್ಲು ಬೀಳುತ್ತಾ?

ಜೋಳದರೊಟ್ಟಿ
ನಮ್ಮ ರೈತರು ನಾಡಕಚೇರಿ ಮುಂದೆ ಬಿಸಿಲಲ್ಲಿ ನಿಲ್ತಾರೆ. ಇವರಿಗೇನು ಎಸಿ ಹಾಕಿಸಬೇಕಾ?

ವಕೀಲಕ್ಕ ಧಾರವಾಡ
ನಾಡಕಚೇರಿಯಲ್ಲಿ ಇವತ್ತು ಕೆಲಸ ಆಗಲಿಲ್ಲ ಅಂದ್ರೆ ರೈತ ನಾಳೆ ಬರ್ತಾನೆ, ಜೈಲಿಗೇನೂ ಹೋಗಲ್ಲ. ಈ ಹುಡುಗನದು ಹಾಗಲ್ಲ. 2025ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿರೋ ಹೊಸ ವಲಸೆ ಮತ್ತು ವಿದೇಶಿಯರ ಕಾಯ್ದೆ ಪ್ರಕಾರ ವೀಸಾ ಮೀರಿ ಉಳಿದರೆ 3 ವರ್ಷದವರೆಗೆ ಜೈಲು, ಇಲ್ಲಾ 3 ಲಕ್ಷ ರೂಪಾಯಿವರೆಗೆ ದಂಡ, ಎರಡೂ ಆಗಬಹುದು. ನಿರಾಶ್ರಿತ ಅಂದ್ರೆ ಯಾರು ಅನ್ನೋದು ಆ ಕಾಯ್ದೆಯಲ್ಲಿಲ್ಲ. 1951ರ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸಹಿಯನ್ನೂ ಹಾಕಿಲ್ಲ. ಆದ್ದರಿಂದ ಆ ಕಿಟಕಿಯಲ್ಲಿ ಆಶ್ರಯ ಅಂತ ಕೇಳಿದರೆ ಗುಮಾಸ್ತರಿಗೆ ಕೊಡೋಕೆ ಫಾರಂ ಕೂಡ ಇರಲ್ಲ, ಸಿಟ್ಟು ಮಾತ್ರ ಬರುತ್ತೆ.
ತಮ್ಮಾ, ಮೊದಲು ವೀಸಾ ಮುಗಿಯೋದರೊಳಗೆ ವಿದೇಶಿಯರ ನೋಂದಣಿಯ ಸರ್ಕಾರಿ ಜಾಲತಾಣ ಇ-ಎಫ್‌ಆರ್‌ಆರ್‌ಒದಲ್ಲಿ ವಿಸ್ತರಣೆಗೆ ಹಾಕಿಸು. ಸ್ವೀಕೃತಿ ಪ್ರಿಂಟ್ ಅವನ ಹತ್ರ ಇರಲಿ. ಜೊತೆಗೇ ದಿಲ್ಲಿಯಲ್ಲಿರೋ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಯುಎನ್‌ಎಚ್‌ಸಿಆರ್‌ನಲ್ಲಿ ಹೆಸರು ನೋಂದಾಯಿಸಲಿ, ಅಫ್ಘಾನರ ಅರ್ಜಿ ನೋಡೋದು ಅವರೇ. ಆದರೆ ಅವರ ಕಾರ್ಡ್ ಸಿಕ್ಕಿತು ಅಂತ ವೀಸಾ ಮರೀಬೇಡಿ, ಎರಡೂ ಬೇರೆ ಬೇರೆ.
ದೂರಿನ ವಿಷಯ. ಆರ್‌ಟಿಐ ಹಾಕೋ ಹಕ್ಕು ನಾಗರಿಕರಿಗೆ ಮಾತ್ರ. ನಿನಗೆ ಇದೇ ಅನುಕೂಲ! 10 ರೂಪಾಯಿ ಕಟ್ಟಿ ನಿನ್ನ ಹೆಸರಲ್ಲೇ ಕೇಳು: ಕಾಯುವವರಿಗೆ ಕುರ್ಚಿ, ನೀರು, ಶೌಚಾಲಯ ಏನಿದೆ, ದುಭಾಷಿ ಇದ್ದಾರಾ ಅಂತ. ಗೆಳೆಯನ ಹೆಸರು ಎಲ್ಲೂ ಬರೆಯಬೇಡ.

ಗದಗಿನವ ಬರ್ಲಿನ್‌ನಲ್ಲಿ
ಇಲ್ಲಿ 2015ರಲ್ಲಿ ಲಾಗೆಸೊ ಅನ್ನೋ ಕಚೇರಿ ಮುಂದೆ ಸಿರಿಯಾದವರು ಬರೀ ಹೆಸರು ಬರೆಸೋಕೆ ದಿನಗಟ್ಟಲೆ ಸಾಲು ನಿಂತಿದ್ದರು. ಮಳೆ, ಚಳಿ, ಮಕ್ಕಳು ನೆಲದ ಮೇಲೆ. ನೀರು, ಊಟ ತಂದುಕೊಟ್ಟವರು ಅಕ್ಕಪಕ್ಕದ ಜನ. ಗಲಾಟೆ ಜೋರಾಗಿ ಡಿಸೆಂಬರ್‌ನಲ್ಲಿ ಆ ಕಚೇರಿಯ ಮುಖ್ಯಸ್ಥರು ರಾಜೀನಾಮೆ ಕೊಟ್ಟರು. ಜರ್ಮನಿಯ ಸಂವಿಧಾನದಲ್ಲೇ ಆಶ್ರಯದ ಹಕ್ಕಿದೆ, ಆದರೂ ಈ ಗತಿ. ಹಕ್ಕಿದ್ದದ್ದಕ್ಕೆ ಜನ ಕೋರ್ಟಿಗಾದರೂ ಹೋದರು ಅನ್ನಿ.

ಜೋಳದರೊಟ್ಟಿ
ಹಂಗಾದ್ರೆ ಮುಂಡಗೋಡದ ಟಿಬೆಟಿನವರಿಗೆ ಹೆಂಗೆ ಸಿಕ್ತು? 1966ರಿಂದ ಅಲ್ಲೇ ಇದ್ದಾರಲ್ಲ?

ವಕೀಲಕ್ಕ ಧಾರವಾಡ
ಅವರಿಗೆ ಸರ್ಕಾರವೇ ಜಮೀನು ಕೊಟ್ಟು ಕೂರಿಸಿತು, ನೋಂದಣಿ ಪತ್ರವನ್ನೂ ಕೊಡುತ್ತೆ. ಯಾರಿಗೆ ಬಾಗಿಲು ತೆಗೀಬೇಕು ಅನ್ನೋದು ಆಯಾ ಕಾಲದ ಸರ್ಕಾರದ ಮರ್ಜಿ. ಹಾಗಂತ ಇವನನ್ನು ಹೇಗೆ ಬೇಕಾದರೂ ನಡೆಸಿಕೊಳ್ಳೋಕೆ ಬರಲ್ಲ. 1996ರಲ್ಲಿ ಚಕ್ಮಾ ನಿರಾಶ್ರಿತರ ಕೇಸಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ನಾಗರಿಕರಲ್ಲದವರ ಜೀವಕ್ಕೂ ಸಂವಿಧಾನದ ರಕ್ಷಣೆ ಇದೆ ಅಂತ.
ಕೆಲಗೇರಿ ತಮ್ಮಾ, ನಿಮ್ಮ ಮನೆ ಮಾಲೀಕರು ಅವನ ಹೆಸರಲ್ಲಿ ಸಿ ಫಾರಂ (ಮನೆಯಲ್ಲಿ ವಿದೇಶಿಯರು ಇದ್ದಾರೆ ಅಂತ ಸರ್ಕಾರಕ್ಕೆ ತಿಳಿಸೋ ಫಾರಂ) ತುಂಬಿದ್ದಾರಾ?

ಕೆಲಗೇರಿ ಹುಡುಗ
ಆ ಹೆಸರೇ ಕೇಳಿಲ್ಲ ಅಂತಾರೆ ಅಕ್ಕಾ. ಬಾಡಿಗೆ ಕರಾರು ಮಾತ್ರ ಇದೆ.

ವಕೀಲಕ್ಕ ಧಾರವಾಡ
ಹಾಗಾದರೆ ಇವತ್ತೇ ಅದನ್ನು ಮಾಡಿಸು. ವಿಸ್ತರಣೆ ಅರ್ಜಿ ಅಲ್ಲೇ ಸಿಕ್ಕಿಹಾಕಿಕೊಳ್ಳೋದು ಜಾಸ್ತಿ. ಆರ್‌ಟಿಐ ಆಮೇಲೆ ನೋಡೋಣ.