‘ಅತಿಕ್ರಮಣಕಾರಿ ಪ್ರಭೇದ’ಕ್ಕೆ ಊರಿನ ಮಾತಲ್ಲಿ ಏನನ್ನಬಹುದು?

ನಮಸ್ಕಾರ,

ಒಂದು ಪದಕ್ಕಾಗಿ ತಲೆ ಕೆಡಿಸಿಕೊಂಡಿದ್ದೇನೆ. ಹೊರಗಿನಿಂದ ಬಂದು, ಹಬ್ಬಿ, ಇಲ್ಲಿನವುಗಳ ಜಾಗ ನುಂಗುವ ಗಿಡ, ಮೀನು ಇಂಥವಕ್ಕೆ ಪುಸ್ತಕದಲ್ಲಿ ‘ಅತಿಕ್ರಮಣಕಾರಿ ಪ್ರಭೇದ’ (ಇನ್ವೇಸಿವ್ ಸ್ಪೀಶೀಸ್) ಅಂತಾರೆ.

ನಮ್ಮೂರು ಬಾಗಲಕೋಟೆ ಜಿಲ್ಲೆಯಲ್ಲಿದೆ. ಕೆರೆಯಂಗಳದ ತುಂಬ ಬಳ್ಳಾರಿ ಜಾಲಿ. ಹತ್ತಿಪ್ಪತ್ತು ಜನ ಸೇರಿ ಭಾನುವಾರ ಅದನ್ನು ತೆಗೆಯುತ್ತೇವೆ. ಕಳೆದ ತಿಂಗಳು ಗುಡಿಯ ಗೋಡೆಗೆ ಚೀಟಿ ಅಂಟಿಸಿದೆವು: ‘ಕೆರೆಯಂಗಳದ ಅತಿಕ್ರಮಣಕಾರಿ ಪ್ರಭೇದಗಳ ತೆರವು’. ಬರೆದವನು ನಾನೇ. ಸಂಜೆಗೆ ಕೆರೆ ಪಕ್ಕದ ಹೊಲದ ಕಾಕಾ ಮನೆಗೆ ಬಂದರು. ಕೈಯಲ್ಲಿ ಉತಾರದ ಝೆರಾಕ್ಸ್. “ತಮ್ಮಾ, ಜೆಸಿಬಿ ಯಾವತ್ತ ಬರತೈತಿ? ನಮ್ದೆಲ್ಲಾ ಕಾಗದ ಸರಿ ಐತಿ ನೋಡು.”

ಅವರದೇನು ತಪ್ಪು? ನಮ್ಮ ಕಡೆ ಅತಿಕ್ರಮಣ ಅಂದರೆ ಜಾಗ ಒತ್ತುವುದು. ಪಕ್ಕದಲ್ಲೇ ‘ತೆರವು’ ಬೇರೆ! ‘ಪ್ರಭೇದ’ವನ್ನು ಯಾರೂ ಓದೇ ಇಲ್ಲ.

‘ಕಳೆ’ ಅನ್ನೋಣ ಅಂದರೆ ಇಲ್ಲಿ ಅದಕ್ಕೆ ‘ಕಸ’ ಅಂತಾರೆ. ಕಸ ಅಂತ ಬರೆದರೆ ಜನ ಪೊರಕೆ ಹಿಡಿದು ಬಂದಾರು. ‘ಪರದೇಶಿ ಗಿಡ’ ಅಂದರೆ ಅಯ್ಯೋ ಪಾಪ ಅನಿಸುತ್ತದೆ, ದಿಕ್ಕಿಲ್ಲದ್ದು ಅಂತ. ಅದೂ ಅಲ್ಲದೆ ಮೆಣಸಿನಕಾಯಿ, ಶೇಂಗಾ, ಗೋವಿನಜೋಳ ಎಲ್ಲಾ ಅಮೆರಿಕದ ಕಡೆಯಿಂದಲೇ ಬಂದವು, ಬಳ್ಳಾರಿ ಜಾಲಿಯ ಹಾಗೆಯೇ. ಅವು ಯಾರ ಜಾಗವನ್ನೂ ನುಂಗಲಿಲ್ಲ. ಇನ್ನು ‘ಹಬ್ಬುಗಿಡ’? ಕರಿಕೆಯೂ ಹಬ್ಬುತ್ತದೆ, ಅದನ್ನು ಗಣಪ್ಪನಿಗೆ ಏರಿಸುತ್ತೇವೆ.

ಹೆಸರಿನ ಗೊಂದಲ ಇನ್ನೊಂದಿದೆ. ‘ಜಾಲಿ ತೆಗೆಯಿರಿ’ ಅಂದಿದ್ದಕ್ಕೆ ಒಬ್ಬ ಹುಡುಗ ನಮ್ಮ ಕರಿಜಾಲಿಗೇ ಕೊಡಲಿ ಇಟ್ಟಿದ್ದ. ಕರಿಜಾಲಿ ಹೂವು ಹಳದಿ ಗುಂಡು, ಕಾಯಿ ಮಣಿ ಪೋಣಿಸಿದ ಸರದಂತೆ. ಬಳ್ಳಾರಿ ಜಾಲಿಯದು ಉದ್ದ ತೆನೆಯಂಥ ಹೂವು, ಹಳದಿ ಸಿಹಿಕಾಯಿ. ಆಡು ತಿಂದು ಹಿಕ್ಕೆಯಲ್ಲಿ ಬೀಜ ಹರಡುತ್ತದೆ. ನಿಜ ಹೇಳಬೇಕೆಂದರೆ ಅದು ಜಾಲಿಯ ಕುಲದ್ದಲ್ಲ, ಬನ್ನಿಯ ಬಳಗ. ದಸರೆಗೆ ‘ಬಂಗಾರ’ ಅಂತ ಕೊಡುವ ಬನ್ನಿಗೆ ಇಂಥ ನೆಂಟ!

‘ಕಡಿಯುವುದು’ ಅಂತಲೂ ಬರೆಯಬಾರದು ಅಂತ ಕೆಲಸ ಮಾಡಿದ ಮೇಲೆ ತಿಳಿಯಿತು. ಮೇಲೆ ಕಡಿದರೆ ಒಂದು ಕೊಂಬೆಯ ಜಾಗಕ್ಕೆ ನಾಲ್ಕು ಚಿಗುರುತ್ತವೆ. ನೆಲ ಅಗೆದು, ಬುಡದ ಗಡ್ಡೆ ಸಮೇತ ಕೀಳಬೇಕು. ಈಗ ‘ಕೀಳುವುದು’ ಅಂತಲೇ ಬರೆಯುತ್ತೇವೆ.

ಕಾಕಾನನ್ನೇ ಕೇಳಿದೆ, ನೀವಾದರೆ ಏನಂತೀರಿ ಅಂತ. “ಕೆರಿ ನುಂಗಿದ ಗಿಡ,” ಅಂದರು. ‘ನುಂಗುಗಿಡ’ ನನಗೆ ಹಿಡಿಸಿದೆ. ಆದರೆ ಕೆರೆಗೆ ಬಂದು ಸೇರಿದ ಆಫ್ರಿಕದ ಕ್ಯಾಟ್‌ಫಿಶ್‌ಗೆ ‘ನುಂಗುಮೀನು’ ಅಂದರೆ ಸುಮ್ನೆ ನುಂಗುವ ಮೀನು ಅಂತಾಗುತ್ತದೆ, ಅಲ್ವಾ? ಗಿಡಕ್ಕೂ ಮೀನಿಗೂ ಒಗ್ಗುವ ಪದ ನಿಮ್ಮ ಕಡೆ ಏನಾದರೂ ಇದೆಯಾ? ಬೆಳಗಾವಿ, ವಿಜಯಪುರದವರೂ ಹೇಳಿ. ಮುಂದಿನ ಚೀಟಿ ಭಾನುವಾರದೊಳಗೆ ಅಂಟಿಸಬೇಕು.