ಮನೆಯಲ್ಲಿ ಯಾರೂ ಇಲ್ಲದಾಗ ಕೆಲಸದವರಿಗೆ ಕೀ ಕೊಡಬಹುದಾ? ತುಮಕೂರಿನವರ ಅನುಭವಗಳು

ಕೇಳಿದವರು, ಕ್ಯಾತ್ಸಂದ್ರದಿಂದ:

ನಾವು ಗಂಡ ಹೆಂಡತಿ ಇಬ್ಬರೂ ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಬರುವವರು. ಬೆಳಿಗ್ಗೆ ಏಳಕ್ಕೆ ಮನೆ ಬಿಟ್ಟರೆ ವಾಪಸ್ ಬರುವಾಗ ರಾತ್ರಿ ಎಂಟು ದಾಟಿರುತ್ತದೆ. ನಮ್ಮದು ಮೇಲಿನ ಮನೆ. ಇರುವ ಒಂದೇ ಬಚ್ಚಲುಮನೆಯ ನೀರು ಕೆಳಗಿನ ಮನೆಗೆ ಸೋರುತ್ತಿದೆ. ಟೈಲ್ಸ್ ಒಡೆದು, ಪೈಪು ಬದಲಾಯಿಸಿ, ಗೀಸರ್‌ಗೆ ಹೊಸ ವೈರಿಂಗ್ ಮಾಡಿಸಬೇಕು. ಕೆಲಸದವರು ಬರುವುದು ಹತ್ತು ಗಂಟೆಗೆ, ಹೋಗುವುದು ಸಂಜೆ ಐದೂವರೆಗೆ. ಕೆಲಸ ಮುಗಿಯುವ ತನಕ ರಜೆ ಸಿಗಲ್ಲ. ಕೀ ಕೊಟ್ಟು ಹೋಗಬಹುದಾ? ಹೀಗೆ ಮಾಡಿಸಿದವರು ದಯವಿಟ್ಟು ಹೇಳಿ.

ಶೆಟ್ಟಿಹಳ್ಳಿಯಿಂದ:

ಕೊಡಬಹುದು ಮೇಡಂ. ನಾವೂ ರೈಲಿನವರೇ. ಅಡುಗೆಮನೆ, ಬಚ್ಚಲುಮನೆ ಎರಡನ್ನೂ ಹೀಗೇ ಮಾಡಿಸಿದ್ದೇವೆ. ಆದರೆ ಒಡೆಯುವ ದಿನ ಮಾತ್ರ ನಿಮ್ಮಿಬ್ಬರಲ್ಲಿ ಒಬ್ಬರು ಮನೆಯಲ್ಲಿ ಇರಲೇಬೇಕು. ನೆಲದೊಳಗೆ ಏನಾಗಿದೆ ಅಂತ ಗೊತ್ತಾಗುವುದು ಆ ದಿನ. ಹಳೇ ಜಿಐ (ಕಬ್ಬಿಣದ) ಪೈಪು ಪೂರ್ತಿ ತುಕ್ಕು ಹಿಡಿದಿರಬಹುದು. ಇಳಿಜಾರು ಸರಿಯಿಲ್ಲದೆ ನೀರು ಮೂಲೆಯಲ್ಲಿ ನಿಲ್ಲುತ್ತಿರಬಹುದು. ಆಗ ಮೇಸ್ತ್ರಿ, ‘ಇದನ್ನೂ ತೆಗೆಯೋಣವಾ?’ ಅಂತ ಕೇಳುತ್ತಾರೆ. ನೀವು ಆಫೀಸಿನಲ್ಲಿ ಮೀಟಿಂಗ್‌ನಲ್ಲಿ ಇರುತ್ತೀರಿ, ಫೋನ್ ಎತ್ತಲು ಆಗಲ್ಲ. ಅವರು ತಮಗೆ ತೋಚಿದ್ದು ಮಾಡುತ್ತಾರೆ. ಇಲ್ಲ ಅಂದರೆ ನಿಮ್ಮ ಫೋನಿಗೆ ಕಾಯುತ್ತಾ ಕೂರುತ್ತಾರೆ, ಆ ದಿನದ ಕೂಲಿ ಹಾಗೇ ಹೋಗುತ್ತದೆ. ಎಲ್ಲರೂ ಹೆದರುವುದು ಕಳ್ಳತನಕ್ಕೆ. ನಾನು ಕಂಡ ಹಾಗೆ ಜಾಸ್ತಿ ನಷ್ಟ ಆಗುವುದು ಕೇಳಿದಾಗ ಹೇಳುವವರು ಇಲ್ಲದೇ ಇರುವುದರಿಂದ.

ಇನ್ನೊಂದು ರಜೆ ನೀರು ಕಟ್ಟಿ ನೋಡುವುದಕ್ಕೆ ಇಟ್ಟುಕೊಳ್ಳಿ. ವಾಟರ್‌ಪ್ರೂಫಿಂಗ್ ಒಣಗಿದ ಮೇಲೆ, ಟೈಲ್ಸ್ ಹಾಕುವುದಕ್ಕೆ ಮುಂಚೆ, ಹೊರಗೆ ಹೋಗುವ ಪೈಪಿನ ಬಾಯಿ ಮುಚ್ಚಿ ನೆಲದ ಮೇಲೆ ನೀರು ನಿಲ್ಲಿಸಬೇಕು. ಕನಿಷ್ಠ 24 ಗಂಟೆ, ಸಾಧ್ಯವಾದರೆ 48 ಗಂಟೆ. ಆಮೇಲೆ ಕೆಳಗಿನ ಮನೆಗೆ ಹೋಗಿ ಸೀಲಿಂಗ್ ಅನ್ನು ನೀವೇ ಕಣ್ಣಾರೆ ನೋಡಿ. ‘ನೋಡಿದ್ವಿ ಮೇಡಂ, ಎಲ್ಲಾ ಸರಿ ಇದೆ’ ಅನ್ನುವ ಮಾತಿನ ಮೇಲೆ ಟೈಲ್ಸ್ ಹಾಕಿಸಬೇಡಿ. ಹಾಕಿದ ಮೇಲೆ ಸೋರಿದರೆ ಮತ್ತೆ ಎಲ್ಲಾ ಒಡೆಯಬೇಕು. ಪೈಪು, ವೈರು ಮುಚ್ಚುವ ಮೊದಲು ಗೋಡೆಗೆ ಅಳತೆ ಟೇಪು ಹಿಡಿದು ಫೋಟೋ ತೆಗೆದು ಕಳಿಸಲು ಹೇಳಿ. ಮುಂದೆ ಗೋಡೆಗೆ ಕನ್ನಡಿಯೋ ಸ್ಟ್ಯಾಂಡೋ ಹಾಕುವಾಗ ಡ್ರಿಲ್ ಪೈಪಿಗೆ ಹೋಗಲ್ಲ.

ಇನ್ನು ಕೀ ವಿಷಯ. ಕೆಲಸ ಮುಗಿಯುವ ತನಕ ಮುಂಬಾಗಿಲಿಗೆ ಬೇರೆ ಬೀಗ ಹಾಕಿ. ಮುಗಿದ ದಿನ ನಿಮ್ಮ ಹಳೇ ಬೀಗ ಮತ್ತೆ ಹಾಕಿ. ಯಾರಾದರೂ ಡೂಪ್ಲಿಕೇಟ್ ಮಾಡಿಸಿದ್ದಾರಾ ಅನ್ನುವ ಚಿಂತೆಯೇ ಇರಲ್ಲ, ಯಾರನ್ನೂ ಅನುಮಾನಿಸಿದ ಹಾಗೂ ಆಗಲ್ಲ. ಬಾಗಿಲಲ್ಲೇ ಕೂಡಿಸಿದ ಲಾಕ್ ಆದರೆ ಅದನ್ನು ಹಾಗೇ ಬಿಟ್ಟು, ಚಿಲಕಕ್ಕೆ ಮಾತ್ರ ಬೀಗ ಹಾಕಿದರೆ ಸಾಕು. ಕೀ ಒಬ್ಬರ ಕೈಯಲ್ಲಿ ಮಾತ್ರ ಇರಲಿ, ಅದು ಮೇಸ್ತ್ರಿ. ಪ್ಲಂಬರ್ ಆಗಲಿ ಎಲೆಕ್ಟ್ರಿಷಿಯನ್ ಆಗಲಿ, ಅವರು ಇದ್ದಾಗಲೇ ಬರಬೇಕು ಅಂತ ಮೊದಲೇ ಮಾತಾಡಿ. ಒಡವೆ, ಪತ್ರಗಳು ಬೀರುವಿನಲ್ಲಿ ಬೇಡ. ಬ್ಯಾಂಕ್ ಲಾಕರ್ ಇದ್ದರೆ ಅಲ್ಲಿಡಿ, ಇಲ್ಲವೇ ಅಮ್ಮನ ಮನೆಗೆ ಕಳಿಸಿ. ಮಲಗುವ ಕೋಣೆಗೆ ಬೀಗ ಹಾಕಿ. ಸಿಲಿಂಡರ್ ರೆಗ್ಯುಲೇಟರ್ ಆಫ್ ಮಾಡಿ ಹೋಗಿ.

ಒಂದು ಮಾತು ಹೆಚ್ಚಿನವರು ಮರೆಯುತ್ತಾರೆ. ಕೆಲಸದವರು ಶೌಚಕ್ಕೆ ಎಲ್ಲಿಗೆ ಹೋಗಬೇಕು? ನಿಮ್ಮದು ಒಂದೇ ಬಚ್ಚಲು, ಅದನ್ನೇ ಒಡೆದಿರುತ್ತೀರಿ. ಗಾರೆ ಕೆಲಸಕ್ಕೆ ಹೆಣ್ಣುಮಕ್ಕಳೂ ಬರುತ್ತಾರೆ. ಗುಬ್ಬಿ, ಕೊರಟಗೆರೆ ಕಡೆಯಿಂದ ಬೆಳಿಗ್ಗೆ ಬಸ್ಸು ಹತ್ತಿ ಬಂದವರು ಸಂಜೆ ತನಕ ತಡೆದುಕೊಂಡು ಇರುವುದಕ್ಕೆ ಆಗುತ್ತದಾ? ಕೆಳಗಿನ ಮನೆಯವರನ್ನೋ ಪಕ್ಕದವರನ್ನೋ ಕೇಳಿ ಒಂದು ವ್ಯವಸ್ಥೆ ಮಾಡಿಟ್ಟು ಹೋಗಿ. ಕುಡಿಯುವ ನೀರಿನ ಕ್ಯಾನ್, ಲೋಟ, ಊಟಕ್ಕೆ ಕೂರಲು ಒಂದು ಜಾಗ. ಇಷ್ಟನ್ನು ಕೇಳಿಸಿಕೊಳ್ಳದೇ ಮಾಡಿಟ್ಟಿರಬೇಕು.

ಮರಳೂರಿನಿಂದ, ಎಲೆಕ್ಟ್ರಿಷಿಯನ್ ಒಬ್ಬರು:

ಮೇಡಂ, ಕೆಲಸದವರ ಕಡೆಯಿಂದಲೂ ಸ್ವಲ್ಪ ಹೇಳುತ್ತೇನೆ. ಖಾಲಿ ಮನೆಯಲ್ಲಿ ಕೆಲಸ ಮಾಡಲು ನಮಗೂ ಭಯ. ಒಂದು ಮನೆಯಲ್ಲಿ ಮಧ್ಯಾಹ್ನ ಫೋನ್ ಬಂತು, ಉಂಗುರ ಕಾಣುತ್ತಿಲ್ಲ, ನೋಡಿದ್ರಾ ಅಂತ. ಸಂಜೆ ಅವರೇ ಮತ್ತೆ ಫೋನ್ ಮಾಡಿ ಬ್ಯಾಗಿನಲ್ಲೇ ಇತ್ತು ಅಂದರು. ಆದರೆ ನನ್ನ ಜೊತೆ ಒಬ್ಬ ಹುಡುಗ ಇದ್ದ, ಮಧುಗಿರಿ ಕಡೆಯವನು, ಕೆಲಸ ಕಲಿಯಲು ಬಂದಿದ್ದ. ಆವತ್ತು ಅವನು ತಂದ ಬುತ್ತಿ ಬಿಚ್ಚಲಿಲ್ಲ. ಮಾರನೇ ದಿನ ಆ ಮನೆಗೆ ಬರಲ್ಲ ಅಂದ. ಅದಕ್ಕೇ ಕೀ ಕೊಡುವ ಮುಂಚೆ ನಮ್ಮ ಜೊತೆ ಒಂದು ಸಲ ಮನೆ ಸುತ್ತಿ. ನೀವೂ ಫೋಟೋ ತೆಗೆದುಕೊಳ್ಳಿ, ನಾವೂ ತೆಗೆದುಕೊಳ್ಳುತ್ತೇವೆ. ಟೈಲ್ಸ್ ಮೊದಲೇ ಬಿರುಕು ಬಿಟ್ಟಿತ್ತಾ, ಟಿವಿ ಮೇಲೆ ಗೀರು ಇತ್ತಾ, ಎಲ್ಲಾ ಗೊತ್ತಾಗುತ್ತದೆ. ಇದರಿಂದ ಇಬ್ಬರಿಗೂ ನೆಮ್ಮದಿ.

ಕ್ಯಾಮೆರಾ ಇದ್ದರೆ ಇದೆ ಅಂತ ಹೇಳಿಬಿಡಿ, ನಮಗೆ ಬೇಜಾರಿಲ್ಲ. ಆದರೆ ನಾವು ಮೇನ್ ಆಫ್ ಮಾಡಿದರೆ ಮೋಡೆಮ್ ಕೂಡ ಆಫ್ ಆಗುತ್ತದೆ, ನಿಮ್ಮ ಫೋನಿನಲ್ಲಿ ಕ್ಯಾಮೆರಾ ಬರಲ್ಲ. ಕೆಲವರು ಅದನ್ನು ನೋಡಿ ಗಾಬರಿಯಾಗಿ ಬೈಯುತ್ತಾರೆ. ಮೋಡೆಮ್, ಕ್ಯಾಮೆರಾ ಎರಡನ್ನೂ ಯುಪಿಎಸ್ ಲೈನಿಗೆ ಹಾಕಿದ್ದರೆ ಆ ತೊಂದರೆ ಕಡಿಮೆ. ಆದರೆ ಯುಪಿಎಸ್ ಇದೆ ಅಂತ ನಮಗೆ ಮೊದಲೇ ಹೇಳಬೇಕು. ಮೇನ್ ಆಫ್ ಆದರೂ ಆ ಲೈನಿನಲ್ಲಿ ಕರೆಂಟ್ ಇರುತ್ತದೆ, ಗೊತ್ತಿಲ್ಲದೆ ಮುಟ್ಟಿದರೆ ಜೀವಕ್ಕೇ ಅಪಾಯ.

ಇದನ್ನು ಮನೆಯವರಿಗೆಲ್ಲಾ ಹೇಳಿ. ನೀವು ರಾತ್ರಿ ಬಂದಾಗ ಎಂಸಿಬಿ (ಕರೆಂಟ್ ಬೋರ್ಡಿನ ಸ್ವಿಚ್) ಮೇಲೆ ಟೇಪ್ ಅಂಟಿಸಿದ್ದರೆ ಅದನ್ನು ಕಿತ್ತು ಆನ್ ಮಾಡಬೇಡಿ. ಒಳಗೆ ವೈರಿನ ತುದಿ ಬಿಚ್ಚಿ ಬಿಟ್ಟಿರಬಹುದು. ಮೊದಲು ಫೋನ್ ಮಾಡಿ ಕೇಳಿ. ಕೊನೆಯ ದಿನ ಗೀಸರ್ ಪಾಯಿಂಟಿನ ಅರ್ಥ್ ಅನ್ನು ನಿಮ್ಮೆದುರೇ ಚೆಕ್ ಮಾಡಿಸಿ. ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಇಲ್ಲದಿದ್ದರೆ 30 ಮಿಲಿಆಂಪ್‌ನದು ಒಂದು ಹಾಕಿಸಿ. ಬಚ್ಚಲುಮನೆಯ ವಿಷಯದಲ್ಲಿ ಅಲ್ಲಿ ದುಡ್ಡು ಉಳಿಸಬೇಡಿ.

ಬಿಚ್ಚಿದ ಹಳೇ ತಾಮ್ರದ ವೈರು, ಹಿತ್ತಾಳೆ ನಲ್ಲಿಗಳು ಯಾರಿಗೆ ಅಂತ ಮೊದಲೇ ಮಾತಾಡಿ. ಗುಜರಿಗೆ ಒಳ್ಳೆಯ ಬೆಲೆ ಇದೆ. ಕೆಲವರು ‘ತಗೊಂಡು ಹೋಗಿ’ ಅನ್ನುತ್ತಾರೆ, ಕೆಲವರಿಗೆ ಬೇಕಿರುತ್ತದೆ. ಮಾತಾಡದೇ ಬಿಟ್ಟರೆ ಆಮೇಲೆ ಕಳ್ಳತನ ಅನ್ನುವ ಮಾತು ಬರುತ್ತದೆ.

ಎಸ್‌ಐಟಿ ಬಡಾವಣೆಯಿಂದ, ನಿವೃತ್ತ ಶಿಕ್ಷಕಿ:

ನಮ್ಮ ಬೀದಿಯ ಎಷ್ಟೋ ಮನೆಗಳ ಕೀ ನನ್ನ ಹತ್ತಿರ ಇರುತ್ತದೆ. ಸಂತೋಷವಾಗಿಯೇ ಇಟ್ಟುಕೊಳ್ಳುತ್ತೇನೆ. ಪಕ್ಕದವರ ಹತ್ತಿರ ಕೀ ಕೊಡುವುದಾದರೆ ಯಾರು ಬರುತ್ತಾರೆ, ಅವರ ಹೆಸರೇನು, ಫೋನ್ ನಂಬರ್ ಏನು ಅಂತ ಒಂದು ಚೀಟಿಯಲ್ಲಿ ಬರೆದು ಕೊಡಮ್ಮ. ಹೆಸರು ಗೊತ್ತಿಲ್ಲದವರು ಬಂದು ಕೀ ಕೇಳಿದರೆ ನಾನು ಕೊಡಲ್ಲ, ಮನೆಯವರಿಗೆ ಫೋನ್ ಮಾಡುತ್ತೇನೆ. ನಿಂತು ಕೆಲಸ ನೋಡಿಕೊಳ್ಳಿ ಅಂತ ಮಾತ್ರ ಪಕ್ಕದವರಿಗೆ ಹೇಳಬೇಡ. ಅದು ಅವರಿಗೆ ಭಾರ. ಏನಾದರೂ ಹೆಚ್ಚು ಕಡಿಮೆಯಾದರೆ ಸಂಬಂಧವೂ ಕೆಡುತ್ತದೆ.

ಬಟವಾಡಿಯಿಂದ, ಬಾಡಿಗೆ ಮನೆಯವರು:

ಬಾಡಿಗೆ ಮನೆ ಆದರೆ ಓನರ್ ಜೊತೆ ಒಂದು ಮಾತಾಗಿರಲಿ. ನಮ್ಮ ಓನರ್ ಹತ್ತಿರ ಒಂದು ಕೀ ಇದೆ. ನಾವಿಲ್ಲದಾಗ ಪ್ಲಂಬರ್ ಕರೆದುಕೊಂಡು ಬರುವುದಾದರೆ ಹಿಂದಿನ ದಿನವೇ ಮೆಸೇಜ್ ಮಾಡಬೇಕು, ಅವರೂ ಜೊತೆಗೆ ಇರಬೇಕು ಅಂತ ಕೇಳಿಕೊಂಡೆವು. ಅವರು ಒಪ್ಪಿದರು. ಕೇಳುವುದಕ್ಕೆ ಸಂಕೋಚ ಪಡಬೇಡಿ.

ಕೇಳಿದವರು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇನ್ನೊಂದು ಪ್ರಶ್ನೆ. ಊರಿಂದ ನಮ್ಮ ಮಾವ ಬಂದು ಇರುತ್ತೇನೆ ಅಂತಿದ್ದಾರೆ. ಎಪ್ಪತ್ತು ದಾಟಿದೆ, ಕಿವಿ ಸ್ವಲ್ಪ ಮಂದ. ಅವರಿದ್ದರೆ ಸಾಕಾಗುತ್ತದಾ?

ಶೆಟ್ಟಿಹಳ್ಳಿಯಿಂದ:

ಬಾಗಿಲು ತೆಗೆಯಲು, ಹಾಕಲು ಅವರಿದ್ದರೆ ಒಳ್ಳೆಯದೇ. ಆದರೆ ಒಡೆಯುವ ದಿನ ಅವರನ್ನು ಒಳಗೆ ಕೂರಿಸಬೇಡಿ. ಟೈಲ್ಸ್ ಕಟ್ ಮಾಡುವ ಮೆಷಿನ್ನಿನ ಧೂಳು ತುಂಬಾ ಕೆಟ್ಟದ್ದು, ವಯಸ್ಸಾದವರಿಗಂತೂ ಬೇಡವೇ ಬೇಡ. ಕೆಲಸದ ಮಾತು ಅವರ ಮೂಲಕ ಹೇಳಿ ಕಳಿಸಬೇಡಿ. ‘ನಿಮ್ಮ ಮಾವ ಹೂಂ ಅಂದ್ರು’ ಅಂತ ಮೇಸ್ತ್ರಿ ಹೇಳುತ್ತಾರೆ, ಮಾವನಿಗೆ ಅದು ಕೇಳಿಸಿಯೇ ಇರಲ್ಲ. ಆ ದಿನ ಏನು ಆಗಬೇಕು ಅನ್ನುವುದನ್ನು ಬಾಗಿಲ ಹಿಂದೆ ಬರೆದು ಅಂಟಿಸಿ, ಅದರ ಫೋಟೋ ಮೇಸ್ತ್ರಿಗೂ ಕಳಿಸಿ. ಮಧ್ಯಾಹ್ನ ಊಟದ ಹೊತ್ತಿಗೆ ನೀವೇ ಒಂದು ವಿಡಿಯೋ ಕಾಲ್ ಮಾಡಿ. ಗಾರೆಗೆ ನೀರು ಹಾಕುವುದನ್ನು ಬೆಳಿಗ್ಗೆ ರಾತ್ರಿ ನೀವೇ ಮಾಡಿಕೊಳ್ಳಿ, ಅದನ್ನು ಬೇರೆಯವರಿಗೆ ಬಿಟ್ಟರೆ ತಪ್ಪಿಹೋಗುತ್ತದೆ. ಹೊಸ ಪೈಪಿನ ಜಾಯಿಂಟಿಗೆ ಸಲ್ಯೂಷನ್ (ಅಂಟು) ಹಾಕಿದ ದಿನ, ಎಷ್ಟು ಹೊತ್ತಿಗೆ ನೀರು ಬಿಡಬಹುದು ಅಂತ ಪ್ಲಂಬರ್‌ನ ಕೇಳಿ. ಅದಕ್ಕೆ ಮುಂಚೆ ಗೇಟ್ ವಾಲ್ವ್ ತಿರುಗಿಸಬೇಡಿ ಅಂತ ಮಾವನಿಗೆ ಹೇಳಿ.

ಕೇಳಿದವರು:

ಸರಿ. ಒಡೆಯುವ ದಿನ ನಾನು ರಜೆ ಹಾಕುತ್ತೇನೆ, ನೀರು ಕಟ್ಟುವ ದಿನ ಇವರು. ಬಚ್ಚಲಿನ ವ್ಯವಸ್ಥೆಗೆ ಕೆಳಗಿನ ಮನೆಯ ಅಕ್ಕನನ್ನು ಇವತ್ತೇ ಕೇಳುತ್ತೇನೆ. ಬೀಗ ನಾಳೆ ತರುತ್ತೇವೆ.