ವೇಟಿಂಗ್ ಲಿಸ್ಟ್‌ನಲ್ಲಿ 37ನೇ ಸಂಖ್ಯೆ: ಕೈಯಲ್ಲಿರುವ ಸೀಟನ್ನು ಬಿಡಬಹುದೇ?

ಗೋಣಿಕೊಪ್ಪದ ತಾಯಿ:
ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ಸಿಇಟಿಯ (ಸಾಮಾನ್ಯ ಪ್ರವೇಶ ಪರೀಕ್ಷೆಯ) ಸೀಟು ಹಂಚಿಕೆಯ ಮೊದಲ ಸುತ್ತಿನಲ್ಲಿ ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯದ ಬಿ.ಎಸ್ಸಿ. ಸೀಟು ಹಂಚಿಕೆಯಾಗಿದೆ. ಆದ್ಯತೆಯ ಕ್ರಮದಲ್ಲಿ ಕೊಡುವ ಆಪ್ಷನ್ ಪಟ್ಟಿಯಲ್ಲಿ ಅದಕ್ಕಿಂತ ಮೇಲೆ ಅವಳು ಬೆಂಗಳೂರು ಮತ್ತು ಮಂಡ್ಯದ ಕೃಷಿ ಬಿ.ಎಸ್ಸಿ.ಯನ್ನು ನಮೂದಿಸಿದ್ದಳು. ಈ ನಡುವೆ ಬೆಂಗಳೂರಿನ ಒಂದು ಖಾಸಗಿ ವಿಶ್ವವಿದ್ಯಾಲಯದಿಂದ, ಜೀವವಿಜ್ಞಾನ ಪದವಿಯ ವೇಟಿಂಗ್ ಲಿಸ್ಟ್‌ನಲ್ಲಿ ಅವಳ ಸಂಖ್ಯೆ 37 ಎಂದು ಪತ್ರ ಬಂದಿದೆ. ಐವತ್ತರೊಳಗಿದ್ದರೆ ಸೀಟು ಸಿಕ್ಕಂತೆಯೇ ಎಂದು ನೆಂಟರೊಬ್ಬರು ಹೇಳಿದ ಮೇಲೆ, ಪೊನ್ನಂಪೇಟೆಯ ಸೀಟನ್ನು ಬಿಟ್ಟು ಕಾಯುತ್ತೇನೆ ಎಂದು ಮಗಳು ಹಟ ಹಿಡಿದಿದ್ದಾಳೆ. 37 ಎಂದರೆ ನಿಜಕ್ಕೂ ಏನರ್ಥ?

ನಿವೃತ್ತ ಉಪನ್ಯಾಸಕ, ಮಡಿಕೇರಿ:
ಮೇಡಂ, ನಮ್ಮ ಜಿಲ್ಲೆಗೆ ರೈಲೇ ಇಲ್ಲದಿದ್ದರೂ ವೇಟಿಂಗ್ ಲಿಸ್ಟ್ ಎಂದೊಡನೆ ನಮಗೆಲ್ಲ ನೆನಪಾಗುವುದು ರೈಲಿನ ಟಿಕೆಟ್ಟೇ. ತೊಡಕು ಅಲ್ಲಿಂದಲೇ ಆರಂಭವಾಗುತ್ತದೆ. ರೈಲಿನಲ್ಲಿ ಒಬ್ಬರು ಟಿಕೆಟ್ ರದ್ದು ಮಾಡಿದರೆ ಹಿಂದಿನವರು ಒಂದು ಹೆಜ್ಜೆ ಮುಂದೆ ಬರುತ್ತಾರೆ, ಕಾಲೇಜಿನಲ್ಲಿ ಹಾಗಾಗಲೇಬೇಕೆಂದಿಲ್ಲ.

ಸೀಟು ಕೊಡುತ್ತೇವೆಂಬ ಪತ್ರ ಪಡೆದವರೆಲ್ಲರೂ ಬಂದು ಸೇರುವುದಿಲ್ಲವೆಂಬುದು ಕಾಲೇಜುಗಳಿಗೆ ಅನುಭವದಿಂದ ಗೊತ್ತು. ಉದಾಹರಣೆಗೆ 60 ಸೀಟುಗಳಿದ್ದು, ಮೂರನೇ ಒಂದು ಭಾಗದಷ್ಟು ಮಂದಿ ಬೇರೆಡೆಗೆ ಹೋಗುತ್ತಾರೆಂಬ ಅಂದಾಜಿದ್ದರೆ, ಅವರು ಮೊದಲಿಗೇ 90 ಮಂದಿಗೆ ಪತ್ರ ಕಳುಹಿಸಿರುತ್ತಾರೆ. ಆ 90ರಲ್ಲಿ 30 ಮಂದಿ ಬಿಟ್ಟುಹೋದರೂ ಸೀಟುಗಳು ಭರ್ತಿಯಾಗಿಯೇ ಇರುತ್ತವೆ, ಕಾಯುವ ಪಟ್ಟಿ ಅಲುಗಾಡುವುದೇ ಇಲ್ಲ. 45 ಮಂದಿ ಮಾತ್ರ ಸೇರಿದರೆ 15 ಜನರಿಗೆ ಕರೆ ಬರುತ್ತದೆ. ಆದ್ದರಿಂದ ಸಂಖ್ಯೆ ಐವತ್ತರೊಳಗಿದೆ ಎಂಬ ಮಾತಿಗೆ ತನ್ನಷ್ಟಕ್ಕೆ ಅರ್ಥವಿಲ್ಲ. ಅಂದಾಜು ಎಷ್ಟು ತಪ್ಪಿತು ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಇನ್ನೊಂದು ವಿಷಯವನ್ನು ಕೇಳಿ ತಿಳಿದುಕೊಳ್ಳಿ. ಈ 37 ಇಡೀ ಪಟ್ಟಿಯಲ್ಲಿನ ಸಂಖ್ಯೆಯೋ, ಆ ಕೋರ್ಸಿಗೆ ಸೀಮಿತವೋ, ಅಥವಾ ತಮ್ಮ ಮೀಸಲಾತಿ ವರ್ಗದೊಳಗಿನದೋ? ಕಳೆದ ವರ್ಷ ಇದೇ ಕೋರ್ಸಿಗೆ ಕೊನೆಯದಾಗಿ ಯಾವ ಸಂಖ್ಯೆಯವರನ್ನು ಕರೆಯಲಾಯಿತು? ಇದನ್ನು ದೂರವಾಣಿಯಲ್ಲಿ ಕೇಳಬೇಡಿ, ಮಿಂಚಂಚೆಯಲ್ಲಿ ಕೇಳಿ ಉತ್ತರವನ್ನು ಬರಹದಲ್ಲೇ ಪಡೆಯಿರಿ. ನೆಂಟರ ಲೆಕ್ಕಕ್ಕಿಂತ ಆ ಒಂದು ಉತ್ತರ ಮೇಲು.

ಪೊನ್ನಂಪೇಟೆಯ ವಿದ್ಯಾರ್ಥಿನಿ:
ಆಂಟಿ, ಸಿಇಟಿಯಲ್ಲಿ ಈ ಬಗೆಯ ಕಾಯುವ ಪಟ್ಟಿ ಇರುವುದಿಲ್ಲ, ಸುತ್ತುಗಳಿರುತ್ತವೆ. ಸೀಟು ಹಂಚಿಕೆಯಾದ ಮೇಲೆ ನಾಲ್ಕು ಚಾಯ್ಸ್‌ಗಳಲ್ಲಿ ಒಂದನ್ನು ಆರಿಸಬೇಕು. ಒಂದನೆಯದನ್ನು ಆರಿಸಿದರೆ ಶುಲ್ಕ ಕಟ್ಟಿ ಕಾಲೇಜಿಗೆ ಸೇರಬೇಕು, ಮುಂದಿನ ಸುತ್ತಿಲ್ಲ. ಎರಡನೆಯದನ್ನು ಆರಿಸಿದರೆ ಶುಲ್ಕ ಕಟ್ಟಿ ಈ ಸೀಟನ್ನು ಉಳಿಸಿಕೊಂಡೇ ಮೇಲಿನ ಆಪ್ಷನ್‌ಗಳಿಗಾಗಿ ಮುಂದಿನ ಸುತ್ತಿನಲ್ಲಿ ಭಾಗವಹಿಸಬಹುದು. ಮೂರನೆಯದೆಂದರೆ ಈ ಸೀಟನ್ನು ತಿರಸ್ಕರಿಸಿ ಮುಂದಿನ ಸುತ್ತಿಗೆ ಹೋಗುವುದು, ನಾಲ್ಕನೆಯದೆಂದರೆ ಪ್ರಕ್ರಿಯೆಯಿಂದಲೇ ಹೊರಬರುವುದು. ತಮ್ಮ ಮಗಳು ಹೇಳುತ್ತಿರುವಂತೆ ಬಿಟ್ಟು ಕಾಯುವುದೆಂದರೆ ಮೂರು ಅಥವಾ ನಾಲ್ಕು; ನನ್ನ ಅಭಿಪ್ರಾಯದಲ್ಲಿ ಅವಳಿಗೆ ಸರಿಹೊಂದುವುದು ಎರಡು.

ನಾನೂ ಎರಡನೆಯದನ್ನೇ ಆರಿಸಿದ್ದೆ. ವೈದ್ಯಕೀಯ ಸೀಟು ಸಿಕ್ಕವರು ಪಶುವೈದ್ಯಕೀಯ ಅಥವಾ ಕೃಷಿ ಸೀಟನ್ನು ಬಿಟ್ಟುಹೋದಾಗ, ಆ ಜಾಗಕ್ಕೆ ಕೆಳಗಿನವರು ಬರುತ್ತಾರೆ, ಅವರ ಜಾಗಕ್ಕೆ ಮತ್ತೊಬ್ಬರು. ಆ ಸರಪಳಿ ನನ್ನವರೆಗೆ ಬರಲಿಲ್ಲ, ಆದರೆ ಕೈಯಲ್ಲಿದ್ದ ಸೀಟು ಉಳಿಯಿತು. ಒಂದು ಎಚ್ಚರಿಕೆ: ಎರಡನೇ ಸುತ್ತಿನಲ್ಲಿ ಮೇಲಿನ ಆಪ್ಷನ್ ಸಿಕ್ಕರೆ ಹಳೆಯ ಸೀಟು ತಾನಾಗಿಯೇ ರದ್ದಾಗುತ್ತದೆ, ಮತ್ತೆ ಬೇಕೆಂದರೂ ಸಿಗುವುದಿಲ್ಲ. ಆದ್ದರಿಂದ ನಿಜವಾಗಿ ಸೇರಲು ಮನಸ್ಸಿರುವ ಆಪ್ಷನ್‌ಗಳು ಮಾತ್ರ ಮೇಲಿರಲಿ.

ಇನ್ನು ಮಳೆಗಾಲದ ನಮ್ಮೂರಿನ ಕರೆಂಟನ್ನು ನಂಬಿ ಕೊನೆಯ ದಿನದವರೆಗೆ ಕಾಯಬೇಡಿ. ನಾನು ಶುಲ್ಕ ಕಟ್ಟಲು ಕುಶಾಲನಗರದವರೆಗೆ ಹೋಗಬೇಕಾಗಿ ಬಂದಿತ್ತು.

ವಿರಾಜಪೇಟೆಯ ಪೋಷಕ:
ಖಾಸಗಿ ಸಂಸ್ಥೆಯಿಂದ ಕರೆ ಬಂದು, ಶುಲ್ಕ ಕಟ್ಟಿ, ಆಮೇಲೆ ಬೇಡವೆನಿಸಿದರೆ ಹಣ ಮುಳುಗುತ್ತದೆಂಬ ಭಯ ಬೇಡ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2018ರ ನಿಯಮದ ಪ್ರಕಾರ, ಪ್ರವೇಶದ ಕೊನೆಯ ದಿನಕ್ಕೆ 15 ದಿನ ಅಥವಾ ಅದಕ್ಕೂ ಮೊದಲು ಹಿಂದೆ ಸರಿದರೆ ಪೂರ್ತಿ ಶುಲ್ಕ ಮರಳಬೇಕು, ಅದರಲ್ಲಿ ಶೇ. 5ರಷ್ಟು, ಗರಿಷ್ಠ 5,000 ರೂಪಾಯಿ, ಪ್ರಕ್ರಿಯಾ ವೆಚ್ಚವೆಂದು ಕಡಿತವಾಗಬಹುದು. ಆಮೇಲೆ ಮರುಪಾವತಿ ಶೇ. 90, 80, 50 ಎಂದು ಇಳಿಯುತ್ತದೆ, ಕೊನೆಯ ದಿನ ಕಳೆದು 30 ದಿನ ದಾಟಿದರೆ ಏನೂ ಇಲ್ಲ. ಮೂಲ ಅಂಕಪಟ್ಟಿಗಳನ್ನು ಇಟ್ಟುಕೊಳ್ಳುವ ಅಧಿಕಾರವೂ ಅವರಿಗಿಲ್ಲ. ಸಿಇಟಿ ಸೀಟಿನ ರದ್ದತಿಗೆ ಮಾತ್ರ ಅದನ್ನು ನಡೆಸುವ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ನಿಯಮಗಳೇ ಬೇರೆ, ಅವನ್ನು ಓದಿಕೊಂಡೇ ಹೆಜ್ಜೆಯಿಡಿ.

ಗೋಣಿಕೊಪ್ಪದ ತಾಯಿ:
ಉತ್ತರಿಸಿದ ಎಲ್ಲರಿಗೂ ವಂದನೆಗಳು. ಮಿಂಚಂಚೆಗೆ ಉತ್ತರ ಬಂತು: 37 ಎಂಬುದು ನಮ್ಮ ವರ್ಗದೊಳಗಿನ ಸಂಖ್ಯೆ, ಕಳೆದ ವರ್ಷ 14ರವರೆಗೆ ಮಾತ್ರ ಕರೆದಿದ್ದರಂತೆ. ಮಗಳು ಪತ್ರವನ್ನು ಎರಡು ಬಾರಿ ಓದಿ ಏನೂ ಹೇಳದೆ ಒಳಗೆ ಹೋದಳು. ಸಂಜೆ ತಾನೇ ಲಾಗಿನ್ ಆಗಿ ಎರಡನೇ ಚಾಯ್ಸ್ ಆರಿಸಿದ್ದಾಳೆ. ನಾಳೆ ಬೆಳಿಗ್ಗೆ ಶುಲ್ಕ ಕಟ್ಟುತ್ತೇವೆ.